ಮೊದಲು ಜೊತೆ, ಆಮೇಲೆ ಊರು

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಮ್ಯೂನಿಕ್‌ಗೆ ಹೋಗಿ ವರ್ಷವಾಗುತ್ತ ಬಂತು, ಪ್ರಾಗ್, ವಿಯೆನ್ನಾ, ಪ್ಯಾರಿಸ್ ಎಲ್ಲ ಸುತ್ತಿದ್ದಾಯಿತು, ಫೋಟೋಗಳಿಗಂತೂ ಲೆಕ್ಕವಿಲ್ಲ. ಆದರೂ "ಭಾನುವಾರ ಬಂದರೆ ದಿಗಿಲಾಗುತ್ತೆ ಚಿಕ್ಕಮ್ಮ, ಇಡೀ ದಿನ ರೂಮಿನಲ್ಲಿ ಒಬ್ಬಳೇ" ಅಂದೆ. ಅಲ್ಲಿ ಭಾನುವಾರ ಅಂಗಡಿ ಮುಂಗಟ್ಟುಗಳು ಕಾನೂನಿನ ಪ್ರಕಾರವೇ ಬಾಗಿಲು ಹಾಕಿರುತ್ತವೆ. ಮೈಸೂರಿನ ಹಾಗೆ ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿ ಬರೋಣ ಅನ್ನುವ ಹಾಗಿಲ್ಲ. ನಾನೂ ನಿನ್ನ ಚಿಕ್ಕಪ್ಪನೂ ಅದೇ ಊರಿನಲ್ಲಿ ಸಂಸಾರ ಮಾಡಿದವರು. ನಿನ್ನಂಥ ಎಷ್ಟೋ ಮಕ್ಕಳು ನಮ್ಮ ಮನೆಗೆ ಬಂದು ಸಾರು ಅನ್ನ ಉಣ್ಣುತ್ತ ಇದೇ ಮಾತು ಹೇಳಿದ್ದನ್ನು ಕೇಳಿದ್ದೇನೆ. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ನೀವೆಲ್ಲ ಮೊದಲು ಊರು ಗೊತ್ತುಮಾಡಿ ಆಮೇಲೆ ಜೊತೆ ಹುಡುಕುತ್ತೀರಿ. ಶುಕ್ರವಾರ ಸಂಜೆ ವಾಟ್ಸಾಪ್ ಗುಂಪಿನಲ್ಲಿ "ಯಾರ್ಯಾರು ಬರ್ತೀರ" ಅಂತ ಕೇಳಿ, ಹೂಂ ಅಂದ ನಾಲ್ವರ ಜೊತೆ ಬಸ್ಸು ಹತ್ತುತ್ತೀರಿ. ಸೋಮವಾರ ಆ ನಾಲ್ವರೆಲ್ಲೋ, ನೀನೆಲ್ಲೋ. ನನ್ನ ಮಾತು ಕೇಳುವುದಾದರೆ ಇದನ್ನು ತಿರುವುಮುರುವು ಮಾಡು. ನಿನಗೆ ಇಷ್ಟವಾದ ಒಂದು ಹವ್ಯಾಸವನ್ನು ಹತ್ತು ಜನ ಸೇರಿ ವಾರವಾರವೂ ಮಾಡುವ ಜಾಗ ಎಲ್ಲಿದೆ ಅಂತ ಮೊದಲು ಹುಡುಕು. ಅಲ್ಲಿಗೆ ತಪ್ಪದೆ ಹೋಗು. ಒಬ್ಬರೋ ಇಬ್ಬರೋ ಸ್ನೇಹಿತರಾಗುತ್ತಾರೆ. ಊರು ತೋರಿಸುವ ಕೆಲಸವನ್ನು ಅವರಿಗೆ ಬಿಡು.

ಇದಕ್ಕೆ ಜರ್ಮನಿಯಷ್ಟು ಅನುಕೂಲವಾದ ದೇಶ ಇನ್ನೊಂದಿಲ್ಲ. ಅಲ್ಲಿ ಏನು ಮಾಡಬೇಕಾದರೂ ಒಂದು ಸಂಘ ಇರುತ್ತೆ. ಫೆರೈನ್ ಅನ್ನುತ್ತಾರೆ, ನಿನ್ನ ಆಫೀಸಿನವರ ಬಾಯಲ್ಲಿ ಕೇಳಿರುತ್ತೀಯ. ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ಚೆಸ್ಸಿಗೆ, ಜೇನು ಸಾಕುವುದಕ್ಕೆ, ಟೇಬಲ್ ಟೆನ್ನಿಸ್‌ಗೆ, ಬೆಟ್ಟ ಹತ್ತುವುದಕ್ಕೆ, ಹಳೇ ರೈಲಿನ ಮಾದರಿ ಕಟ್ಟುವುದಕ್ಕೆ ಎಲ್ಲಕ್ಕೂ ಇದೆ. ಮೊದಲ ಒಂದೆರಡು ಸಲ ದುಡ್ಡು ಕೊಡದೆ ಹೋಗಿ ನೋಡಿ ಬರಬಹುದು. ಹಿಡಿಸದಿದ್ದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಲ್ಲಿಯ ಜನ ಪರಿಚಯವಿಲ್ಲದವರನ್ನು ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುವವರಲ್ಲ. ಆದರೆ ಒಂದೇ ಕೆಲಸಕ್ಕೆ ಎಂಟು ಹತ್ತು ವಾರ ಪಕ್ಕಪಕ್ಕ ಕೂತರೆ ತಾವಾಗಿಯೇ ತೆರೆದುಕೊಳ್ಳುತ್ತಾರೆ.

ನೀನು ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದವಳು. ಅಲ್ಲಿಗೆ ಹೋದ ಮೇಲೆ ಬಾಯಿಬಿಟ್ಟು ಹಾಡಿದ್ದೀಯೋ ಇಲ್ಲವೋ. ಅಪಾರ್ಟ್‌ಮೆಂಟಿನ ಗೋಡೆ ತೆಳು, ಪಕ್ಕದವರು ಏನನ್ನುತ್ತಾರೋ ಅಂತ ಸುಮ್ಮನಾಗಿರುತ್ತೀಯ. ಒಂದು ಕೋರಸ್ ಸೇರು. ಚರ್ಚಿನದೇ ಆಗಬೇಕಿಲ್ಲ, ಬಡಾವಣೆಗೆ ಒಂದರಂತೆ ಹವ್ಯಾಸಿಗಳ ಕೋರಸ್ ಇದೆ. ಹವ್ಯಾಸಿಗಳು ಕೂಡಿ ಹಾಡುವ ಈ ರೂಢಿಯನ್ನು ಜರ್ಮನಿ 2014ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೇ ಸೇರಿಸಿಕೊಂಡಿದೆ. ನಾನು ಹೋಗುತ್ತಿದ್ದದ್ದು ಒಂದು ಶಾಲೆಯ ಹಾಲಿಗೆ, ವಾರಕ್ಕೊಂದು ಸಂಜೆ. ಧ್ವನಿ ಕೇಳಿ ನನ್ನನ್ನು ಆಲ್ಟೋ, ಅಂದರೆ ತಗ್ಗಿನ ಹೆಣ್ಣುದನಿಯ ಸಾಲಿನಲ್ಲಿ ಕೂರಿಸಿದರು. ನಮ್ಮ ಕಡೆಯ ಕಂಠಕ್ಕೆ ಅಲ್ಲಿ ಎರಡು ಪರೀಕ್ಷೆ. ಒಂದು, ನಾವು ಸ್ವರವನ್ನು ಸುಮ್ಮನೆ ನಿಲ್ಲಿಸುವವರಲ್ಲ, ಗೊತ್ತಿಲ್ಲದೆಯೇ ಅದನ್ನು ತೂಗುತ್ತೇವೆ. ಗಾಂಧಾರ ಬಂದರೆ ಗಮಕ ತಾನಾಗಿ ಬಂದುಬಿಡುತ್ತೆ. ಅಲ್ಲಿ ಅದನ್ನು ಗೆರೆ ಎಳೆದ ಹಾಗೆ ನೆಟ್ಟಗೆ ಹಿಡಿಯಬೇಕು. ಎರಡನೆಯದು ಇನ್ನೂ ಕಷ್ಟ. ಎಡಗಡೆ ಮೇಲಿನ ದನಿಯ ಸೊಪ್ರಾನೋದವರು ಒಂದು ಸ್ವರ, ಹಿಂದೆ ಗಂಡಸರು ಇನ್ನೊಂದು, ನಡುವೆ ನೀನು ನಿನ್ನದನ್ನು ಬಿಡದೆ ಹಾಡಬೇಕು. ಕಿವಿ ಅವರ ಕಡೆ ಎಳೆಯುತ್ತೆ, ಗಂಟಲು ಹಿಂದೆಯೇ ಓಡುತ್ತೆ. ಪಕ್ಕದ ಹೆಂಗಸು ನನ್ನ ಪುಸ್ತಕದಲ್ಲಿ ನಮ್ಮ ಸಾಲಿನ ಕೆಳಗೆ ಬೆರಳಿಟ್ಟು ತೋರಿಸುತ್ತಿದ್ದರು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಪೆನ್ಸಿಲಿನಲ್ಲಿ ಅಲ್ಪವಿರಾಮದಂಥ ಗುರುತು ಹಾಕಿಕೊಡುತ್ತಿದ್ದರು. ಭಾಷೆ ಸರಿಯಾಗಿ ಬರದಿದ್ದರೂ ಸ್ನೇಹ ಬೆಳೆದದ್ದು ಆ ಬೆರಳಿನಿಂದಲೇ.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಹತ್ತಿರದ ಹೋಟೆಲಿಗೆ ಹೋಗಿ ಒಂದು ಮೇಜು ಹಿಡಿಯುತ್ತಾರೆ. "ನಾಳೆ ಆಫೀಸಿದೆ" ಅಂತ ಅಲ್ಲಿಂದ ಜಾರಿಕೊಳ್ಳಬೇಡ. ಹಾಡುವಾಗ ಹೆಸರು ಗೊತ್ತಾಗುತ್ತೆ, ಮನುಷ್ಯರು ಗೊತ್ತಾಗುವುದು ಆ ಮೇಜಿನಲ್ಲಿ. ಬಿಯರ್ ಕುಡಿಯಲೇಬೇಕಾ ಅಂತ ನಿಮ್ಮಮ್ಮ ನನ್ನನ್ನು ಕೇಳಿದಳು. ಬೇಕಿಲ್ಲ. ಸೋಡಾ ಬೆರೆಸಿದ ಸೇಬಿನ ರಸ ಸಿಗುತ್ತೆ, ಅದನ್ನು ಹೇಳು. ಬೇಡ ಅಂತ ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಸಾಕು, ಒತ್ತಾಯ ಮಾಡುವುದಿಲ್ಲ. ಒತ್ತಾಯ ಮಾಡುವವರು ಸಿಕ್ಕರೆ, ಅವರು ನಮ್ಮವರಾಗಲಿ ಅಲ್ಲಿಯವರಾಗಲಿ, ಆ ಗುಂಪು ನಿನಗೆ ಬೇಡ.

ಈ ಮೇಜಿನಲ್ಲಿಯೇ ಒಂದು ದಿನ ಯಾರೋ "ಆಂಡೆಕ್ಸ್‌ಗೆ ನಡೆಯೋಣವಾ" ಅಂದರು. ನಾನು ಅದರ ಹೆಸರನ್ನೂ ಕೇಳಿರಲಿಲ್ಲ. ಎಸ್8 ರೈಲಿನಲ್ಲಿ ಕೊನೆಯ ನಿಲ್ದಾಣ ಹೆರ್ಶಿಂಗ್‌ವರೆಗೆ ಹೋಗಿ ಇಳಿದರೆ ಆಮ್ಮರ್‌ಜೇ ಸರೋವರ. ಅಲ್ಲಿಂದ ಬೀಚ್ ಮರಗಳ ನಡುವೆ ಒಂದು ತೊರೆಯ ಜೊತೆಜೊತೆಗೇ ಒಂದು ತಾಸಿನ ಏರುದಾರಿ. ಮೇಲೆ ಆಂಡೆಕ್ಸ್ ಮಠ. ಪ್ರವಾಸಿ ಬಸ್ಸಿನಲ್ಲಿ ಹೋದವರು ಇಪ್ಪತ್ತು ನಿಮಿಷದಲ್ಲಿ ನೋಡಿ ಬರುತ್ತಾರೆ. ನಮ್ಮ ಜೊತೆ ಶಾಲೆಯಲ್ಲಿ ಸಂಗೀತ ಹೇಳಿಕೊಡುವ ಒಬ್ಬರಿದ್ದರು. ಮಠದ ಚರ್ಚಿನಲ್ಲಿ ಕಾರ್ಲ್ ಓರ್ಫ್ ಸಮಾಧಿ ಇದೆ. ಕಾರ್ಮಿನಾ ಬುರಾನಾ ಬರೆದ ಸಂಗೀತಗಾರ ಅಂತ ನನಗೆ ಗೊತ್ತಿದ್ದದ್ದು ಅಷ್ಟೇ. ಆ ಟೀಚರ್ ಹೇಳಿದ್ದು ಬೇರೆ: ಮಕ್ಕಳಿಗೆ ಸಂಗೀತ ಕಲಿಸುವಾಗ ಮೊದಲು ಚಪ್ಪಾಳೆ, ಮಾತಿನ ಲಯ, ಕುಣಿತ, ಆಮೇಲೆ ವಾದ್ಯ ಅನ್ನುವ ಪದ್ಧತಿ ಹಾಕಿಕೊಟ್ಟವರೂ ಅವರೇ, ತಮ್ಮ ತರಗತಿಯ ಮರದ ಸೈಲೋಫೋನುಗಳೆಲ್ಲ ಆ ಪದ್ಧತಿಯವೇ ಅಂತ. ನಾನು ನಮ್ಮಲ್ಲಿ ಕೈಯಲ್ಲಿ ಆದಿತಾಳ ಹಾಕುತ್ತ ಸರಳೆವರಸೆ ಕಲಿಯುವುದನ್ನು ತೋರಿಸಿದೆ. ಇಳಿಯುವ ದಾರಿಯುದ್ದಕ್ಕೂ ಅವರೆಲ್ಲ ಬೆರಳು ಎಣಿಸುತ್ತ ತಾಳ ಹಾಕಿದರು. ಎಂಟನೆಯ ಏಟಿಗೆ ಬರುವಷ್ಟರಲ್ಲಿ ಒಬ್ಬರು ತಪ್ಪುವುದು, ಎಲ್ಲರೂ ಮೊದಲಿನಿಂದ ಶುರುಮಾಡುವುದು. ಹವ್ಯಾಸ ಹಂಚಿಕೊಳ್ಳುವುದು ಅಂದರೆ ನನ್ನ ಮಟ್ಟಿಗೆ ಇದೇ. ಅವರಿಂದ ಕಲಿಯಬೇಕು, ನಮ್ಮದನ್ನೂ ಅವರ ಕೈಗೆ ಕೊಡಬೇಕು. ಬರೀ ಕಲಿಯುವವಳಾಗಿ ಮೂಲೆಯಲ್ಲಿ ಕೂತರೆ ಅತಿಥಿಯಾಗಿಯೇ ಉಳಿಯುತ್ತೀಯ.

ಕೊಡುವುದು ಅಂದರೆ ದೊಡ್ಡ ಕಛೇರಿ ಮಾಡಬೇಕಿಲ್ಲ. ಬವೇರಿಯಾದ ಬಿಯರ್ ಗಾರ್ಡನ್‌ಗಳಲ್ಲಿ ಒಂದು ಹಳೆಯ ಹಕ್ಕಿದೆ. ಮೇಜುಬಟ್ಟೆ ಹಾಸದ ಮೇಜುಗಳಲ್ಲಿ ಮನೆಯಿಂದ ತಂದ ಊಟವನ್ನು ಯಾರು ಬೇಕಾದರೂ ಬಿಚ್ಚಿ ತಿನ್ನಬಹುದು. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. 1812ರಲ್ಲಿ ರಾಜ ಮೊದಲನೆಯ ಮ್ಯಾಕ್ಸಿಮಿಲಿಯನ್ ಹೊರಡಿಸಿದ ಆಜ್ಞೆಯಿಂದ ಬಂದ ರೂಢಿ ಇದು. ಬಿಯರ್ ತಯಾರಿಸುವವರು ತಮ್ಮ ನೆಲಮಾಳಿಗೆಯ ಮೇಲೆ ಬಿಯರ್ ಮಾರಬಹುದು, ಊಟ ಮಾರಬಾರದು ಅಂತ ಆಗ ಗೆರೆ ಹಾಕಿದರು, ಜನ ಬುತ್ತಿ ತರತೊಡಗಿದರು. ನಿನ್ನ ಊರಿನ ಇಂಗ್ಲಿಷ್ ಗಾರ್ಡನ್ ಉದ್ಯಾನದಲ್ಲಿ ಚೀನೀ ಗೋಪುರದ ಕೆಳಗಿನ ಬಿಯರ್ ಗಾರ್ಡನ್ನಿಗೆ ಒಂದು ಬೇಸಿಗೆಯ ಸಂಜೆ ಚಿತ್ರಾನ್ನ, ಕೋಸಂಬರಿ, ಹಪ್ಪಳ ತೆಗೆದುಕೊಂಡು ಹೋಗಿ ನಿನ್ನ ಗೆಳತಿಯರನ್ನು ಕರೆ. ಅವರು ಮೂಲಂಗಿ, ಉಪ್ಪಿನ ಬ್ರೆಟ್ಸೆಲ್, ಚೀಸ್ ತರುತ್ತಾರೆ. ಖಾರ ಕಡಿಮೆ ಹಾಕು, ನಿಂಬೆ ಧಾರಾಳವಾಗಿ ಹಿಂಡು.

ಈಗ ತಿರುಗಾಟದ ವ್ಯವಹಾರ. ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಆಫೀಸಿನ ಓಡಾಟಕ್ಕೆ ನಿನ್ನ ಹತ್ತಿರ ಇದ್ದೇ ಇರುತ್ತೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು 2026ರ ಜನವರಿಯಿಂದ 63 ಆಗಿದೆ. ವೇಗದ ಐಸಿಇ ಗಾಡಿಗಳಿಗೆ ಅದು ಸಲ್ಲದು, ಆದರೆ ದೇಶದ ಎಲ್ಲ ಪ್ರಾದೇಶಿಕ ರೈಲುಗಳಲ್ಲಿ ಓಡುತ್ತೆ. ಅದಿಲ್ಲದ ಸ್ನೇಹಿತರು ಸೇರಿದರೆ ಬಯರ್ನ್ ಟಿಕೆಟ್ ತೆಗೆದುಕೊಳ್ಳಿ. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ಇಡೀ ಬವೇರಿಯಾ ಸುತ್ತಬಹುದು, ಗಡಿ ದಾಟಿ ಸಾಲ್ಸ್‌ಬರ್ಗ್‌ವರೆಗೂ ನಡೆಯುತ್ತೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ, ಶನಿವಾರ ಭಾನುವಾರ ಮಧ್ಯರಾತ್ರಿಯಿಂದಲೇ. ಬೆಟ್ಟದ ಕಡೆ ಹೋಗುವ ಗಾಡಿ ಹತ್ತುವಾಗ ಡಬ್ಬಿಯ ಮೇಲಿನ ಬೋರ್ಡು ಓದಿ ಹತ್ತು. ಮ್ಯೂನಿಕ್ಕಿನಿಂದ ಒಂದೇ ರೈಲಾಗಿ ಹೊರಟದ್ದು ಹೋಲ್ಟ್ಸ್‌ಕಿರ್ಖೆನ್‌ನಲ್ಲಿ ತುಂಡಾಗುತ್ತೆ. ಒಂದು ತುಂಡು ಶ್ಲೀರ್‌ಜೇ ಕಡೆಗೆ, ಇನ್ನೊಂದು ಟೇಗರ್ನ್‌ಜೇ, ಲೆಂಗ್ರೀಸ್ ಕಡೆಗೆ. ಸೀಟು ಸಿಕ್ಕಿತೆಂದು ಬೇರೆ ಡಬ್ಬಿಗೆ ಹೋಗಿ ಕೂತ ಸ್ನೇಹಿತೆ ಇನ್ನೊಂದು ಕಣಿವೆಯಲ್ಲಿ ಇಳಿಯುತ್ತಾಳೆ.

ದುಡ್ಡಿನ ವಿಷಯ ನಾಚಿಕೆಯಿಲ್ಲದೆ ಮಾತಾಡಿಬಿಡು. ಹೊರಡುವ ಮೊದಲೇ ಒಬ್ಬೊಬ್ಬರಿಗೆ ಹೆಚ್ಚುಕಡಿಮೆ ಎಷ್ಟಾಗುತ್ತೆ ಅಂತ ಹೇಳಬೇಕು. ಗುಂಪಿನಲ್ಲಿ ಓದುವ ಮಕ್ಕಳಿದ್ದರೆ ಅವರ ಜೇಬಿಗೆ ತಕ್ಕ ಹಾಗೆ ಊಟದ ಜಾಗ ಆರಿಸಿ. ಹೋಟೆಲಿನಲ್ಲಿ ಮಾಣಿಯೇ ಬಂದು ಒಟ್ಟಿಗೋ ಬೇರೆಬೇರೆಯೋ ಅಂತ ಕೇಳುತ್ತಾನೆ. ಬೇರೆಬೇರೆ ಅನ್ನುವುದು ಅಲ್ಲಿ ಒರಟುತನವಲ್ಲ. ನಮ್ಮವರಲ್ಲಿ ಒಬ್ಬರು ಎಲ್ಲದಕ್ಕೂ ಕೊಟ್ಟು, ಮಿಕ್ಕವರು ಮರೆತು, ಕೊಟ್ಟವರು ಬಾಯಿಬಿಟ್ಟು ಕೇಳಲಾರದೆ ಒಳಗೊಳಗೇ ಕೊರಗಿ ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಅಂದಂದಿನ ಲೆಕ್ಕ ಅಂದೇ ತೀರಿಸಿ.

ಫೋಟೋದ ಹುಚ್ಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆರ್ಖ್ಟೆಸ್‌ಗಾಡೆನ್ ಹತ್ತಿರದ ಕ್ಯೋನಿಗ್ಸ್‌ಜೇ ಸರೋವರಕ್ಕೆ ನೀನು ಹೋಗಿದ್ದೀಯ. 1909ರಿಂದಲೂ ವಿದ್ಯುತ್ ದೋಣಿ; ನಡುನೀರಿನಲ್ಲಿ ದೋಣಿ ನಿಲ್ಲಿಸಿ ಕಹಳೆ ಊದಿದರೆ ಬಂಡೆಗೋಡೆ ಅದನ್ನೇ ತಿರುಗಿ ಊದುತ್ತೆ. ಅದೇ ಸರೋವರದ ಮೇಲ್ಗಡೆ, ಕ್ಯೋನಿಗ್ಸ್‌ಬಾಖ್ ಜಲಪಾತದ ನೆತ್ತಿಯಲ್ಲಿ ಬಂಡೆಯ ಒಂದು ಹೊಂಡವಿದೆ. ಅಂಚಿನಲ್ಲಿ ತೋಳಿಟ್ಟು ಕೂತ ಫೋಟೋಗಳು ಇನ್‌ಸ್ಟಾಗ್ರಾಮ್ ತುಂಬ ಹರಡಿದವು. ಹರಡಿದ್ದೇ ತಡ, ಕಡಿದಾದ ಬಂಡೆಯ ಮೇಲೆ ಜನ ತುಳಿದು ತುಳಿದು ಹೊಸ ಕಾಲುದಾರಿಗಳೇ ಬಿದ್ದವು. 2019ರಲ್ಲಿ ಇಬ್ಬರು ಯುವಕರು ಆ ನೀರಿನಲ್ಲೇ ಮುಳುಗಿ ಸತ್ತರು. 2021ರಲ್ಲಿ ರಾಷ್ಟ್ರೀಯ ಉದ್ಯಾನದವರು ಗಿಡಬಳ್ಳಿ ಚೇತರಿಸಿಕೊಳ್ಳಲಿ ಅಂತ ಆ ಜಾಗಕ್ಕೆ ಹೋಗುವುದನ್ನೇ ನಿಷೇಧಿಸಿದರು. ಆ ಸುದ್ದಿ ಓದಿದಾಗ ನನ್ನ ಹೊಟ್ಟೆ ಕಿವುಚಿತು. ಆ ಹುಡುಗರಿಗೂ ತಾಯಂದಿರಿದ್ದರು. ಸ್ನೇಹಿತರು ಮುಂದೆ ಹೋಗು ಅನ್ನುತ್ತಿದ್ದಾಗ, "ಸಾಕು, ಹಿಂದಕ್ಕೆ ಬನ್ನಿ" ಅನ್ನುವವಳು ನೀನಾಗು. ಆ ಕ್ಷಣ ಅವರು ಮುಖ ಊದಿಸಿಕೊಂಡರೂ ಪರವಾಗಿಲ್ಲ. ಈಜು ಬಾರದ ನೀನು ಇಸಾರ್ ನದಿಗೂ ಇಳಿಯಬೇಡ. ಮೊಣಕಾಲಿನ ನೀರಿನಲ್ಲೂ ಸೆಳೆತವಿದೆ, ನೀರು ಬೇಸಿಗೆಯಲ್ಲೂ ತಣ್ಣಗೆ ಕೊರೆಯುತ್ತೆ.

ಬೆಟ್ಟ ಹತ್ತುವ ಮನಸ್ಸಿದ್ದರೆ ಆಲ್ಪ್ಸ್ ಸಂಘಕ್ಕೆ ಸದಸ್ಯಳಾಗು. 1869ರಲ್ಲಿ ಮ್ಯೂನಿಕ್ಕಿನಲ್ಲೇ ಹುಟ್ಟಿದ ಸಂಘ. ಹೊಸಬರನ್ನು ಕರೆದುಕೊಂಡು ಹೋಗುವ ಗುಂಪುಗಳಿವೆ. ದಾರಿಯ ಹಳದಿ ಫಲಕಗಳಲ್ಲಿ ಎಷ್ಟು ತಾಸು ಅಂತ ಬರೆದಿರುತ್ತೆ. ನೀಲಿ ಸುಲಭ, ಕೆಂಪು ನಡುವಿನದು, ಕಪ್ಪು ಕಠಿಣ. ಮೊದಲ ವರ್ಷ ನೀಲಿಯನ್ನೇ ಹಿಡಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಬೇಕು, ಹಿಂದೆ ಬಿಟ್ಟು ಓಡಬಾರದು. ಮೇಲಿನ ಗುಡಿಸಲುಗಳಲ್ಲಿ ಒಂದು ರಾತ್ರಿ ತಂಗಿ ನೋಡು. ಮದುವೆ ಛತ್ರದ ಹಾಗೆ ಸಾಲು ಹಾಸಿಗೆ, ಹತ್ತು ಗಂಟೆಗೆ ದೀಪ ಆರಿಸಿ ಸದ್ದಿಲ್ಲದೆ ಮಲಗಬೇಕು. ಒಳಗೆ ಹೊದೆಯುವ ತೆಳು ಚೀಲ ನಿನ್ನದೇ ಒಯ್ಯಬೇಕು. ಒಂದೇ ಉದ್ದನೆಯ ಮೇಜಿನಲ್ಲಿ ಸೂಪು ಕುಡಿಯುತ್ತ ಕೂತವರ ಮಾತು ತಾನಾಗಿ ಶುರುವಾಗುತ್ತೆ. ಏನಾದರೂ ಆದರೆ 112ಕ್ಕೆ ಫೋನ್ ಮಾಡು, ಹೊರಡುವ ಮೊದಲು ಎಲ್ಲಿಗೆ ಹೋಗುತ್ತಿದ್ದೀಯ ಅಂತ ಊರಲ್ಲಿರುವ ಒಬ್ಬರಿಗೆ ತಿಳಿಸಿರು.

ಎಲ್ಲ ಜಾಗಕ್ಕೂ ಗುಂಪು ಕಟ್ಟಿಕೊಂಡು ಹೋಗಬೇಡ. ಆಲ್ಟೆ ಪಿನಕೊಟೆಕ್ ಚಿತ್ರಶಾಲೆಗೆ ಭಾನುವಾರ ಒಂದೇ ಯೂರೋ ಪ್ರವೇಶ. ಚಿತ್ರ ಬರೆಯುವ ಒಬ್ಬ ಗೆಳತಿ ಸಿಕ್ಕರೆ ಅವಳೊಬ್ಬಳ ಜೊತೆ ಹೋಗು, ಒಂದೇ ಕೋಣೆ ನೋಡಿ ಬಾ. ಅಲ್ಲಿ ಡ್ಯೂರರ್ 1500ರಲ್ಲಿ ತನ್ನನ್ನೇ ಬರೆದುಕೊಂಡ ಚಿತ್ರವಿದೆ, ಆಗ ಅವನಿಗೆ 28. ನೇರ ನಮ್ಮನ್ನೇ ನೋಡುವ ಮುಖ, ಕೋಟಿನ ತುಪ್ಪಳದ ಮೇಲೆ ಇಟ್ಟ ಬೆರಳುಗಳು. ಒಂದೊಂದು ಕೂದಲೂ ಬೇರೆಬೇರೆ ಕಾಣುತ್ತೆ. ಕುಂಚ ಹಿಡಿದು ಗೊತ್ತಿರುವವರು ಪಕ್ಕದಲ್ಲಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕು ಅನ್ನುವುದು ತಿಳಿಯುತ್ತೆ. ದಾಖಾವ್‌ಗೂ ಹಾಗೆಯೇ, ಒಬ್ಬರ ಜೊತೆ ಸಾಕು. 1933ರ ಮಾರ್ಚಿನಲ್ಲಿ ನಾಜಿಗಳು ತೆರೆದ ಯಾತನಾ ಶಿಬಿರ, ನಿನ್ನ ಊರಿನಿಂದ ಸ್ವಲ್ಪ ಹೊತ್ತಿನ ರೈಲು. ಅಲ್ಲಿ ಸೆಲ್ಫಿ ಬೇಡ, ಮಧ್ಯಾಹ್ನ ಅಲ್ಲಿ ಸಂಜೆ ಸಿನಿಮಾ ಅನ್ನುವ ಯೋಜನೆಯೂ ಬೇಡ. ಜರ್ಮನ್ ಸ್ನೇಹಿತರು ಜೊತೆಗಿದ್ದರೆ ಅವರ ತಾತ ಮುತ್ತಾತಂದಿರ ಬಗ್ಗೆ ನೀನಾಗಿ ಕೇಳಬೇಡ. ಅವರಾಗಿ ಹೇಳಿದರೆ ಕೇಳಿಸಿಕೋ.

ಕನ್ನಡದ ಸ್ನೇಹಿತರನ್ನು ಬಿಟ್ಟುಬಿಡು ಅಂತ ನಾನು ಹೇಳುತ್ತಿಲ್ಲ ಮಗೂ. ಯುಗಾದಿಗೆ, ರಾಜ್ಯೋತ್ಸವಕ್ಕೆ ಅವರ ಜೊತೆ ಸೇರದಿದ್ದರೆ ಮನಸ್ಸು ಒಣಗುತ್ತೆ. ಎರಡು ಕಡೆಯವರನ್ನೂ ಬೆರೆಸು. ಅದಕ್ಕೆ ಒಂದು ಪ್ರವಾಸವನ್ನು ನಾನೇ ಸೂಚಿಸುತ್ತೇನೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ನೋಡಿದ್ದೀಯಲ್ಲ, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಮಹಾನುಭಾವ; ಅವರು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಅಲ್ಲಿಯ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ಕಣ್ಣುಮುಚ್ಚಿದ್ದು ಅದೇ ಸೀಮೆಯ ಎಸ್ಲಿಂಗನ್‌ನಲ್ಲಿ. ಎರಡೂ ನೆಕರ್ ನದಿಯ ದಡದ ಊರುಗಳು. ಉಲ್ಮ್‌ನಲ್ಲಿ ಗಾಡಿ ಬದಲಾಯಿಸಿ ತಿಂಗಳ ಟಿಕೆಟ್ಟಿನಲ್ಲೇ ಹೋಗಬಹುದು. ನಿಧಾನದ ಪ್ರಯಾಣ, ಎರಡು ದಿನ ಇಟ್ಟುಕೋ. ನಾವು ಹೋದಾಗ ಕೋರಸ್ಸಿನ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆವು. ಒಬ್ಬರು ಎಸ್ಲಿಂಗನ್‌ನಲ್ಲೇ ಬೆಳೆದವರು. ತಮ್ಮ ಊರಿನಲ್ಲಿ ಕೊನೆಯ ದಿನಗಳನ್ನು ಕಳೆದ ಒಬ್ಬ ಪಾದ್ರಿ ಮಂಗಳೂರಿನಲ್ಲಿ ಕೂತು ಕನ್ನಡ ಪತ್ರಿಕೆ ನಡೆಸುತ್ತಿದ್ದರು ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಅದು ಅಚ್ಚಾಗುತ್ತಿದ್ದ ಕಲ್ಲಚ್ಚು ಅಂದರೇನು, ಕನ್ನಡದ ಅಕ್ಷರಗಳನ್ನು ಹೇಗೆ ಮೂಡಿಸುತ್ತಿದ್ದರು, ಪತ್ರಿಕೆಗೆ ಬೆಲೆ ಎಷ್ಟಿತ್ತು ಅಂತ ರೈಲಿನುದ್ದಕ್ಕೂ ಕೇಳಿದರು. ಟ್ಯೂಬಿಂಗನ್‌ನಲ್ಲಿ ಉದ್ದನೆಯ ಗಳು ಊರಿ ನಡೆಸುವ ಚಪ್ಪಟೆ ದೋಣಿಯಲ್ಲಿ ಕೂತು ನಿನ್ನ ಚಿಕ್ಕಪ್ಪ ಅವರಿಗೆ ಕಿಟೆಲ್ ನಿಘಂಟಿನ ಕಥೆ ಹೇಳಿದರು. ಅವರ ಸೀಮೆಯನ್ನು ಅವರಿಗೇ ತೋರಿಸುವ ಅವಕಾಶ ನಮಗೆ ಸಿಕ್ಕಿತ್ತು. ಮ್ಯೂನಿಕ್ಕಿನಲ್ಲಿ ನಾನು ಹೊರಗಿನವಳು ಅನ್ನುವ ಭಾವನೆ ನನ್ನಲ್ಲಿ ಸಡಿಲವಾದದ್ದು ಆ ಪ್ರವಾಸದಿಂದ ಅಂತಲೇ ಹೇಳಬೇಕು.

ಇನ್ನೊಂದು ವಿಷಯಕ್ಕೆ ಮಾತ್ರ ನೀನು ತಾಳ್ಮೆ ತಂದುಕೊಳ್ಳಬೇಕು. ಅಲ್ಲಿಯವರು ಮೂರು ವಾರ ಮೊದಲೇ ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡುತ್ತಾರೆ. "ಸುಮ್ಮನೆ ಈ ಕಡೆ ಬಂದಿದ್ದೆ" ಅಂತ ಬಾಗಿಲು ತಟ್ಟುವ ನಮ್ಮ ಪದ್ಧತಿ ನಡೆಯುವುದಿಲ್ಲ. ಮೊದಮೊದಲು ಇದನ್ನು ನೋಡಿ ಇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂದುಕೊಳ್ಳಬೇಡ. ಗೊತ್ತುಮಾಡಿದ ದಿನ ಮಳೆ ಸುರಿದರೂ ಹೇಳಿದ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಾರೆ. ನೀನೂ ನಿಂತಿರಬೇಕು. ಬೆಳಿಗ್ಗೆ ಎದ್ದು "ಸುಸ್ತಾಗಿದೆ, ಬರೋಲ್ಲ" ಅಂತ ಮೆಸೇಜು ಹಾಕಿದರೆ ಎರಡನೆಯ ಸಲ ಕರೆಯುವುದಿಲ್ಲ.

ಬೇಸಿಗೆ ರಜೆ ಮುಗಿದು ಸೆಪ್ಟೆಂಬರ್ ಹೊತ್ತಿಗೆ ಕೋರಸ್‌ಗಳು ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಅಭ್ಯಾಸ ಶುರುಮಾಡುತ್ತವೆ, ಹೊಸಬರನ್ನು ಸೇರಿಸಿಕೊಳ್ಳುವ ಕಾಲ ಅದು. ನಿನ್ನ ಬಡಾವಣೆಯ ಎರಡು ಮೂರು ಕೋರಸ್‌ಗಳಿಗೆ ಈಗಲೇ ಇಮೇಲ್ ಬರೆದಿಡು. ಪಾಶ್ಚಾತ್ಯ ಸ್ವರಲಿಪಿ ಓದಲು ಬರುವುದಿಲ್ಲ, ಆದರೆ ಕೇಳಿ ಹಿಡಿಯುತ್ತೇನೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳು. ಯಾರಾದರೂ ಬಾ ಅಂದ ದಿನ ನನಗೆ ಫೋನ್ ಮಾಡು, ಯಾವ ಹಾಡು ಕೊಟ್ಟರು ಅಂತ ನನಗೂ ಕಳಿಸು. ಆಲ್ಟೋ ಸಾಲು ನನಗೆ ಇನ್ನೂ ನೆನಪಿದ್ದರೆ ಇಲ್ಲಿಂದಲೇ ಹೇಳಿಕೊಡುತ್ತೇನೆ.

ನಿನ್ನ ಚಿಕ್ಕಮ್ಮ